ಪದ ಹೆಚ್ಚಿಸಿದಷ್ಟೂ ಸೈನ್ ಬೆಲೆ ಕೆಡುವುದೇಕೆ?

ಪ್ರಶ್ನೆ: ನಾನು ಈಗಷ್ಟೇ ಸಿ ಭಾಷೆ ಕಲಿಯುತ್ತಿದ್ದೇನೆ. ಲೈಬ್ರರಿಯ ಸೈನ್ ಫಂಕ್ಷನ್ ಬಳಸದೆ, ಶ್ರೇಣಿಯಿಂದಲೇ ಸೈನ್ ಬೆಲೆ ಕಂಡುಹಿಡಿಯುವ ಪ್ರೋಗ್ರಾಂ ಬರೆದೆ. ಫ್ಯಾಕ್ಟೋರಿಯಲ್‌ಗೆ ಇಂಟ್ (ಪೂರ್ಣಾಂಕ) ಬಗೆಯ ಒಂದು ಫಂಕ್ಷನ್ ಇದೆ, ಘಾತಕ್ಕೆ ಲೈಬ್ರರಿಯ ಪೌ ಫಂಕ್ಷನ್ ಬಳಸಿದ್ದೇನೆ. 30 ಡಿಗ್ರಿಗೆ 10 ಪದ ಕೂಡಿಸಿದರೆ 0.5 ಸರಿಯಾಗಿಯೇ ಬರುತ್ತದೆ. 20 ಪದ ಕೂಡಿಸಿದರೆ ‘ನ್ಯಾನ್’ ಎಂದು ಬರುತ್ತದೆ. ಫ್ಯಾಕ್ಟೋರಿಯಲ್ ಅನ್ನು ಡಬಲ್‌ಗೆ (ದಶಮಾಂಶ ಸಂಖ್ಯೆಗಳ ಬಗೆಗೆ) ಬದಲಿಸಿದ ಮೇಲೆ ಆ ತೊಂದರೆ ಹೋಯಿತು. ಆದರೆ 30 ರೇಡಿಯನ್ ಕೋನಕ್ಕೆ 60 ಪದ ಕೂಡಿಸಿದರೂ ಉತ್ತರವು ಲೈಬ್ರರಿ ಕೊಡುವ −0.988031624ಕ್ಕೆ ಪೂರ್ತಿ ಹೊಂದುತ್ತಿಲ್ಲ. ಶ್ರೇಣಿಯು ಎಲ್ಲ ಕೋನಗಳಿಗೂ ಸರಿ ಎಂದು ಪುಸ್ತಕದಲ್ಲಿದೆ. ಹಾಗಿದ್ದರೆ ತಪ್ಪಿರುವುದು ಎಲ್ಲಿ? ಒಟ್ಟು ಎಷ್ಟು ಪದಗಳನ್ನು ತೆಗೆದುಕೊಳ್ಳಬೇಕು?

ಉತ್ತರ: ಪುಸ್ತಕ ಹೇಳಿರುವುದು ಸರಿ, ನೀವು ಬರೆದ ಲೂಪ್ ಕೂಡ ಬಹುಮಟ್ಟಿಗೆ ಸರಿಯೇ. ಪುಸ್ತಕದ ಸಂಖ್ಯೆಗಳಿಗೆ ಅಂಕಿಗಳ ಮಿತಿ ಇಲ್ಲ. ಕಂಪ್ಯೂಟರಿನ ಸಂಖ್ಯೆಗಳಿಗೆ ಇದೆ. ನಿಮಗೆ ಎದುರಾದ ಎರಡೂ ತೊಂದರೆಗಳು ಈ ಮಿತಿಯಿಂದಲೇ ಹುಟ್ಟಿದವು, ಆದರೆ ಹುಟ್ಟಿದ ಬಗೆ ಬೇರೆ ಬೇರೆ. ಆದ್ದರಿಂದ ಒಂದಕ್ಕೆ ಮಾಡಿದ ಪರಿಹಾರ ಇನ್ನೊಂದನ್ನು ಮುಟ್ಟಲಿಲ್ಲ. ಎಷ್ಟು ಪದ ಬೇಕು ಎಂಬ ಪ್ರಶ್ನೆಗೆ ಖಚಿತವಾದ ಉತ್ತರವಿದೆ, ಆದರೆ ಕೋನವನ್ನು ಮೊದಲು ಚಿಕ್ಕದು ಮಾಡಿಕೊಳ್ಳುವವರೆಗೆ ಆ ಉತ್ತರ ಕೈಗೆ ಸಿಗುವುದಿಲ್ಲ.

ಶ್ರೇಣಿಯನ್ನು ಒಮ್ಮೆ ಬರೆದುಕೊಳ್ಳೋಣ. ರೇಡಿಯನ್‌ಗಳಲ್ಲಿರುವ ಕೋನವನ್ನು ‘ಕ’ ಎಂದು ಕರೆದರೆ (3! ಎಂದರೆ 3ರ ಫ್ಯಾಕ್ಟೋರಿಯಲ್, ಅಂದರೆ 1 × 2 × 3):

ಸೈನ್ ಕ = ಕ − ಕ³/3! + ಕ⁵/5! − ಕ⁷/7! + …

30 ಡಿಗ್ರಿ ಎಂದರೆ 0.5235987756 ರೇಡಿಯನ್. ಮೊದಲ ಪದ ಅದೇ. ಎರಡನೆಯ ಪದವಾದ 0.0239245962ನ್ನು ಕಳೆದಾಗ 0.4996741794 ಉಳಿಯುತ್ತದೆ. ಮೂರನೆಯ ಪದ 0.0003279532, ಅದನ್ನು ಕೂಡಿಸಿದರೆ 0.5000021326. ನಾಲ್ಕನೆಯದನ್ನು ಕಳೆದರೆ 0.4999999919, ಐದನೆಯದನ್ನು ಕೂಡಿಸಿದರೆ ಹತ್ತು ದಶಮಾಂಶ ಸ್ಥಾನಗಳಲ್ಲಿ 0.5ಕ್ಕೂ ಉತ್ತರಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ ಎನ್ನಬಹುದು. ಉತ್ತರವು ನಿಜವಾದ ಬೆಲೆಯ ಒಮ್ಮೆ ಮೇಲೆ, ಒಮ್ಮೆ ಕೆಳಗೆ ನಿಲ್ಲುತ್ತ ಹತ್ತಿರವಾಗುವುದನ್ನು ಗಮನಿಸಿ. ಇದು ಮುಂದೆ ಉಪಯೋಗಕ್ಕೆ ಬರುತ್ತದೆ. ಈ ಐದು ಸಾಲುಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆ ಕಾಗದದ ಮೇಲೆ ಕೈಯಾರೆ ಮಾಡಬೇಕೆಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ಪ್ರೋಗ್ರಾಂ ತಪ್ಪಿದಾಗ ಯಾವ ಪದದಲ್ಲಿ ತಪ್ಪಿತು ಎಂದು ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಈಗ ‘ನ್ಯಾನ್’ ವಿಷಯ. ಸಾಮಾನ್ಯವಾಗಿ ಇಂಟ್ ಬಗೆಯ ಚರದಲ್ಲಿ 32 ಬಿಟ್‌ಗಳಿರುತ್ತವೆ, ಅದು ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ 2147483647. 12! ಎಂದರೆ 479001600, ಇದು ಅದರೊಳಗೆ ಹಿಡಿಸುತ್ತದೆ. 13! ಎಂದರೆ 6227020800, ಇದು ಹಿಡಿಸುವುದಿಲ್ಲ. ಸಿ ಭಾಷೆಯ ನಿಯಮದ ಪ್ರಕಾರ ಹೀಗೆ ಉಕ್ಕಿದಾಗ ಏನಾಗಬೇಕೆಂಬುದು ನಿಶ್ಚಿತವಲ್ಲ; ವಾಸ್ತವದಲ್ಲಿ ಹೆಚ್ಚಿನ ಯಂತ್ರಗಳಲ್ಲಿ ಮೇಲಿನ ಬಿಟ್‌ಗಳು ಬಿದ್ದುಹೋಗಿ, 13!ರ ಜಾಗದಲ್ಲಿ 1932053504 ಎಂಬ ತಪ್ಪು ಸಂಖ್ಯೆ ಯಾವ ಎಚ್ಚರಿಕೆಯೂ ಇಲ್ಲದೆ ಬಂದು ಕೂರುತ್ತದೆ. 17!ರ ಹೊತ್ತಿಗೆ ಅದು −288522240, ಅಂದರೆ ಋಣಸಂಖ್ಯೆ. ಹಾಗಾದರೆ 10 ಪದಗಳಲ್ಲಿ, ಅಂದರೆ 19!ವರೆಗೆ ಹೋದರೂ, ನಿಮಗೆ 0.5 ಹೇಗೆ ಬಂತು? 30 ಡಿಗ್ರಿಯ ಮಟ್ಟಿಗೆ ಆ ಪದಗಳ ಅಂಶ ಎಷ್ಟು ಚಿಕ್ಕದೆಂದರೆ, ಛೇದ ತಪ್ಪಾಗಿದ್ದರೂ ಭಾಗಲಬ್ಧ ಹತ್ತನೆಯ ದಶಮಾಂಶವನ್ನೂ ಅಲುಗಿಸುವುದಿಲ್ಲ. ಉತ್ತರ ಸರಿ ಬಂದದ್ದರಿಂದ ನೀವು ಪ್ರೋಗ್ರಾಂ ಸರಿ ಎಂದುಕೊಂಡಿರಿ. ತಪ್ಪು ಮಾತ್ರ ಏಳನೆಯ ಪದದಿಂದಲೇ ಒಳಗೆ ಕುಳಿತಿತ್ತು.

34!ನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿದರೆ ಅದರಲ್ಲಿ 2 ಎಂಬುದು ಸರಿಯಾಗಿ 32 ಸಲ ಸಿಗುತ್ತದೆ: 17 + 8 + 4 + 2 + 1. ಅಂದರೆ ದ್ವಿಮಾನ ರೂಪದಲ್ಲಿ ಅದರ ಕೊನೆಯ 32 ಬಿಟ್‌ಗಳೂ ಸೊನ್ನೆ. ನಿಮ್ಮ ಇಂಟ್ ಉಳಿಸಿಕೊಳ್ಳುವುದು ಆ 32 ಬಿಟ್‌ಗಳನ್ನೇ ಆದ್ದರಿಂದ, 34!ರಿಂದ ಮುಂದಿನ ಎಲ್ಲ ಫ್ಯಾಕ್ಟೋರಿಯಲ್‌ಗಳೂ ಅದಕ್ಕೆ ಸೊನ್ನೆಯೇ. ಹದಿನೆಂಟನೆಯ ಪದದಲ್ಲಿ 35! ಛೇದವಾಗಿ ಬಂದಾಗ ದಶಮಾಂಶ ಸಂಖ್ಯೆಯೊಂದನ್ನು ಸೊನ್ನೆಯಿಂದ ಭಾಗಿಸಿದಂತಾಗಿ ಋಣ ಅನಂತ ದೊರೆಯುತ್ತದೆ. ಹತ್ತೊಂಬತ್ತನೆಯ ಪದ ಧನ ಅನಂತವನ್ನು ತಂದು ಅದಕ್ಕೆ ಕೂಡಿಸುತ್ತದೆ. ಅನಂತದಿಂದ ಅನಂತವನ್ನು ಕಳೆದರೆ ಏನೆಂದು ಹೇಳಲಾಗದ ಯಂತ್ರ ‘ಇದು ಸಂಖ್ಯೆಯಲ್ಲ’ ಎಂದು ಹೇಳುತ್ತದೆ. ನೀವು ಕಂಡ ‘ನ್ಯಾನ್’ ಅದೇ.

ಫ್ಯಾಕ್ಟೋರಿಯಲ್ ಅನ್ನು 64 ಬಿಟ್‌ಗಳ ಪೂರ್ಣಾಂಕಕ್ಕೆ ಬದಲಿಸಿದರೆ 20!ವರೆಗೆ ಹೋಗಬಹುದು, ಡಬಲ್‌ಗೆ ಬದಲಿಸಿದರೆ 170!ವರೆಗೆ. ಆದರೆ ಇದು ಗೋಡೆಯನ್ನು ಇನ್ನಷ್ಟು ದೂರ ಸರಿಸಿದಂತೆ ಮಾತ್ರ. ನನ್ನ ಸಲಹೆ ಬೇರೆ: ಈ ಪ್ರೋಗ್ರಾಂನಲ್ಲಿ ಫ್ಯಾಕ್ಟೋರಿಯಲ್ ಫಂಕ್ಷನ್ ಇರಲೇಬಾರದು, ಪೌ ಫಂಕ್ಷನ್ ಕೂಡ ಬೇಡ. ಒಂದು ಪದಕ್ಕೂ ಅದರ ಮುಂದಿನ ಪದಕ್ಕೂ ಇರುವ ಸಂಬಂಧವನ್ನು ನೋಡಿ. ಕ³/3! ಇದ್ದದ್ದು ಕ⁵/5! ಆಗಬೇಕಾದರೆ ಅದನ್ನು ಕ²ದಿಂದ ಗುಣಿಸಿ 4 × 5ರಿಂದ ಭಾಗಿಸಿದರೆ ಸಾಕು; ಮುಂದಿನದಕ್ಕೆ 6 × 7, ಅದರ ಮುಂದಿನದಕ್ಕೆ 8 × 9. ಚಿಹ್ನೆ ಪ್ರತಿ ಸಲ ಬದಲಾಗುವುದನ್ನೂ ಇದರಲ್ಲೇ ಸೇರಿಸಬಹುದು. ಆಗ ಪ್ರೋಗ್ರಾಂ ಇಷ್ಟೇ:

ಮೊತ್ತ = ಕ
ಪದ = ಕ
ನ = 1
ಪದದ ಗಾತ್ರ > 10⁻¹⁶ × ಮೊತ್ತದ ಗಾತ್ರ ಆಗಿರುವವರೆಗೆ:
    ಪದ = −ಪದ × ಕ × ಕ / (2ನ × (2ನ + 1))
    ಮೊತ್ತ = ಮೊತ್ತ + ಪದ
    ನ = ನ + 1

ಕೋನ ಚಿಕ್ಕದಿದ್ದರೆ ಇಲ್ಲಿ ದೊಡ್ಡ ಸಂಖ್ಯೆ ಎಲ್ಲಿಯೂ ಹುಟ್ಟುವುದಿಲ್ಲ, ಒಂದೊಂದು ಪದಕ್ಕೂ ಮೊದಲಿನಿಂದ ಗುಣಿಸುತ್ತ ಬರುವ ಕೆಲಸವೂ ಇಲ್ಲ. ಲೂಪ್ ನಿಲ್ಲಿಸುವ ಷರತ್ತನ್ನು ಬಹಳಷ್ಟು ಮಂದಿ ‘ಪದ 0.000001ಕ್ಕಿಂತ ದೊಡ್ಡದಾಗಿರುವವರೆಗೆ’ ಎಂದು ಬರೆಯುತ್ತಾರೆ. ಕೋನವೇ ಅದಕ್ಕಿಂತ ಚಿಕ್ಕದಿದ್ದು, ಮೊತ್ತವನ್ನು ಸೊನ್ನೆಯಿಂದ ಆರಂಭಿಸಿದ್ದರೆ, ಲೂಪ್ ಒಮ್ಮೆಯೂ ಓಡದೆ ಉತ್ತರ ಸೊನ್ನೆ ಎಂದು ಬರುತ್ತದೆ. ಪದವನ್ನು ಮೊತ್ತದ ಗಾತ್ರಕ್ಕೆ ಹೋಲಿಸಿ ನಿಲ್ಲಿಸುವುದು ಅದಕ್ಕಾಗಿಯೇ.

ಸಿ ಭಾಷೆಯಲ್ಲಿ ಹೊಸಬರು ಎಡವುವ ಇನ್ನೊಂದು ಜಾಗವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಡಿಗ್ರಿಯನ್ನು ಪೂರ್ಣಾಂಕವಾಗಿ ಓದಿಕೊಂಡು ಅದನ್ನು 180ರಿಂದ ಭಾಗಿಸಿ ಆಮೇಲೆ ಪೈನಿಂದ ಗುಣಿಸಿದರೆ, 30/180 ಎಂಬುದು ಪೂರ್ಣಾಂಕ ಭಾಗಾಕಾರವಾಗಿ ಸೊನ್ನೆಯಾಗುತ್ತದೆ. 180ಕ್ಕಿಂತ ಕಡಿಮೆಯಿರುವ ಎಲ್ಲ ಕೋನಗಳ ಸೈನ್ ಸೊನ್ನೆ ಎಂದು ಬರುತ್ತದೆ. 180.0 ಎಂದು ಬರೆದರೆ ಸಾಕು. ಪೈಥಾನ್‌ನಲ್ಲಿ ಒಂಟಿ ಓರೆಗೆರೆಯ ಭಾಗಾಕಾರ ದಶಮಾಂಶವನ್ನೇ ಕೊಡುವುದರಿಂದ ಈ ತೊಂದರೆಯಿಲ್ಲ, ಅಲ್ಲಿನ ಪೂರ್ಣಾಂಕಗಳು ಉಕ್ಕುವುದೂ ಇಲ್ಲ.

ಇನ್ನು ನಿಮ್ಮ ಎರಡನೆಯ ತೊಂದರೆಗೆ ಬರೋಣ, ಇದೇ ಹೆಚ್ಚು ಆಳವಾದದ್ದು. ಮೇಲಿನ ಲೂಪಿನಲ್ಲಿ ಒಂದು ಪದವನ್ನು ಮುಂದಿನದನ್ನಾಗಿಸಲು ಗುಣಿಸುವ ಸಂಖ್ಯೆ ಕ²ವನ್ನು 2ನ(2ನ + 1)ರಿಂದ ಭಾಗಿಸಿದ್ದು. ಕೋನ 30 ರೇಡಿಯನ್ ಆದಾಗ ಕ² ಎಂದರೆ 900. 2 × 3, 4 × 5, 6 × 7 ಇವೆಲ್ಲ 900ಕ್ಕಿಂತ ಬಹಳ ಚಿಕ್ಕವು. ಹಾಗಾಗಿ ಪದಗಳು ಇಳಿಯುವ ಬದಲು ಏರುತ್ತ ಹೋಗುತ್ತವೆ. 28 × 29 = 812 ಆದಾಗಲೂ ಏರಿಕೆಯೇ. 30 × 31 = 930 ಬಂದ ಮೇಲಷ್ಟೇ ಇಳಿಕೆ ಆರಂಭ. ಹೀಗೆ ಹದಿನೈದನೆಯ ಪದವಾದ 30²⁹/29! ಎಲ್ಲಕ್ಕಿಂತ ದೊಡ್ಡದು, ಅದರ ಬೆಲೆ ಸುಮಾರು 77,600 ಕೋಟಿ. ಒಂದಕ್ಕಿಂತ ಚಿಕ್ಕದಾದ ಉತ್ತರವನ್ನು ಪಡೆಯಲು ನಾವು ಸಾವಿರಾರು ಕೋಟಿಗಳ ಸಂಖ್ಯೆಗಳನ್ನು ಒಂದರಿಂದೊಂದು ಕಳೆಯುತ್ತ, ಅವು ಪರಸ್ಪರ ಅಳಿಸಿಕೊಂಡು ಹೋಗಲೆಂದು ಕಾಯುತ್ತಿದ್ದೇವೆ.

ಡಬಲ್ ಬಗೆಯ ಸಂಖ್ಯೆಯಲ್ಲಿ 53 ದ್ವಿಮಾನ ಅಂಕಿಗಳ ನಿಖರತೆ ಇದೆ, ದಶಮಾನದಲ್ಲಿ ಹೇಳುವುದಾದರೆ ಹದಿನೈದು ಹದಿನಾರು ಅಂಕಿಗಳು. ಈ ಅಂಕಿಗಳು ಸಂಖ್ಯೆಯ ಎಡತುದಿಯಿಂದ ಎಣಿಕೆಯಾಗುತ್ತವೆ. ಸಂಖ್ಯೆ ದೊಡ್ಡದಾದಷ್ಟೂ ಬಿಂದುವಿನ ಬಲಕ್ಕೆ ಉಳಿಯುವ ಅಂಕಿಗಳು ಕಡಿಮೆ. 77,600 ಕೋಟಿಯ ಆಸುಪಾಸಿನಲ್ಲಿ ಒಂದು ಡಬಲ್ ಸಂಖ್ಯೆಗೂ ಅದರ ಪಕ್ಕದ ಡಬಲ್ ಸಂಖ್ಯೆಗೂ ನಡುವಿನ ಅಂತರ 1/8192, ಅಂದರೆ ಸುಮಾರು 0.00012. ಆ ಅಂತರದ ನಡುವೆ ಬೀಳುವ ಬೆಲೆಯನ್ನು ಯಂತ್ರ ಅತ್ತಲೋ ಇತ್ತಲೋ ಸರಿಸಲೇಬೇಕು. ಮುಂದಿನ ಪದಗಳು ಎಷ್ಟೇ ಚಿಕ್ಕವಾಗಿ, ಎಷ್ಟೇ ನಿಖರವಾಗಿ ಬಂದರೂ ಆಗಲೇ ಕಳೆದುಹೋದ ಅಂಕಿಗಳನ್ನು ಅವು ಮರಳಿ ತರಲಾರವು. ನಿಮ್ಮ ಉತ್ತರದಲ್ಲಿ ಮೊದಲ ಕೆಲವೇ ಸ್ಥಾನಗಳು ಸರಿಯಾಗಿದ್ದು ಉಳಿದವು ಕೆಟ್ಟದ್ದರ ಕಾರಣ ಇದು. ಇದೇ ಲೆಕ್ಕವನ್ನು ಇನ್ನೂ ಕಡಿಮೆ ಅಂಕಿಗಳನ್ನು ಹಿಡಿಯುವ ಫ್ಲೋಟ್ ಬಗೆಯಲ್ಲಿ ಮಾಡಿದ್ದರೆ ಆ ಅಂತರ 65,536 ಆಗುತ್ತಿತ್ತು; −1ರಿಂದ 1ರೊಳಗಿನ ಉತ್ತರವನ್ನು ಅಂಥ ಅಳತೆಕೋಲಿನಲ್ಲಿ ಹುಡುಕುವುದು ಸಾಧ್ಯವೇ ಇಲ್ಲ. ಕೋನ 100 ರೇಡಿಯನ್ ಆದರೆ ಅತಿ ದೊಡ್ಡ ಪದ 10⁴²ನ್ನು ದಾಟುತ್ತದೆ, ಆಗ ಡಬಲ್ ಕೂಡ ಒಂದೇ ಒಂದು ಅಂಕಿಯನ್ನೂ ಸರಿಯಾಗಿ ಕೊಡಲಾರದು.

ಪರಿಹಾರವಿರುವುದು ಸೈನ್ ಫಂಕ್ಷನ್ನಿನ ಸ್ವಭಾವದಲ್ಲಿಯೇ. ಅದು 2ಪೈ ರೇಡಿಯನ್‌ಗೊಮ್ಮೆ ಮರುಕಳಿಸುತ್ತದೆ. 30ನ್ನು 2ಪೈನಿಂದ ಭಾಗಿಸಿದರೆ 4.77, ಅದಕ್ಕೆ ಹತ್ತಿರದ ಪೂರ್ಣಾಂಕ 5. ಐದು ಸುತ್ತು, ಅಂದರೆ 31.41592654ನ್ನು 30ರಿಂದ ಕಳೆದರೆ −1.41592654. ಇದರ ಸೈನ್ ಮತ್ತು 30 ರೇಡಿಯನ್‌ನ ಸೈನ್ ಒಂದೇ. ಈ ಚಿಕ್ಕ ಕೋನವನ್ನು ಶ್ರೇಣಿಗೆ ಕೊಟ್ಟು ನೋಡಿ, 60 ಪದಗಳಿಂದ ಆಗದ ಕೆಲಸ ಹತ್ತು ಪದಗಳಿಂದ ಆಗುತ್ತದೆ. ಹೀಗೆ ಕಳೆದ ಮೇಲೆ ಕೋನ −ಪೈ ಮತ್ತು ಪೈಗಳ ನಡುವೆ ಬರುತ್ತದೆ. ಅದು ಪೈ/2ಕ್ಕಿಂತ ದೊಡ್ಡದಿದ್ದರೆ ಪೈನಿಂದ ಅದನ್ನು ಕಳೆದು ಬಂದದ್ದನ್ನು ಬಳಸಿ, −ಪೈ/2ಕ್ಕಿಂತ ಚಿಕ್ಕದಿದ್ದರೆ −ಪೈನಿಂದ ಕಳೆಯಿರಿ. ಎರಡೂ ಸಂದರ್ಭಗಳಲ್ಲಿ ಸೈನ್ ಬದಲಾಗುವುದಿಲ್ಲ. ಇನ್ನು ಯಾವ ಕೋನ ಕೊಟ್ಟರೂ ಶ್ರೇಣಿಯ ಎದುರಿಗೆ ಬರುವುದು 90 ಡಿಗ್ರಿಗಿಂತ ಹೆಚ್ಚಿಲ್ಲದ ಕೋನ.

ಎಷ್ಟು ಪದ ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಪದಗಳು ಮೊದಲಿನಿಂದಲೇ ಇಳಿಯುತ್ತ, ಚಿಹ್ನೆ ಅದಲುಬದಲಾಗುತ್ತ ಹೋಗುವ ಶ್ರೇಣಿಯಲ್ಲಿ, ಬಿಟ್ಟುಬಿಟ್ಟ ಮೊದಲ ಪದಕ್ಕಿಂತ ದೋಷ ದೊಡ್ಡದಾಗಿರಲಾರದು. ಮೇಲೆ ಕೆಳಗೆ ತೂಗಾಡುತ್ತ ಹತ್ತಿರವಾಗುವುದನ್ನು 30 ಡಿಗ್ರಿಯ ಲೆಕ್ಕದಲ್ಲಿ ನೋಡಿದೆವಲ್ಲ, ಅದರ ಫಲವೇ ಇದು. ಅತಿ ಕೆಟ್ಟ ಸಂದರ್ಭವಾದ 90 ಡಿಗ್ರಿಯನ್ನೇ ತೆಗೆದುಕೊಂಡರೆ, ಹದಿಮೂರನೆಯ ಘಾತದ ಪದ 0.000000057. ಆದ್ದರಿಂದ ಹನ್ನೊಂದನೆಯ ಘಾತದವರೆಗಿನ ಆರು ಪದಗಳು ಏಳು ದಶಮಾಂಶ ಸ್ಥಾನಗಳಿಗೆ ಸಾಕು, ಫ್ಲೋಟ್ ಬಗೆಯ ಸಾಮರ್ಥ್ಯವೂ ಹೆಚ್ಚುಕಡಿಮೆ ಅಷ್ಟೇ. ಇಪ್ಪತ್ತೊಂದನೆಯ ಘಾತದ ಪದ 2.6 × 10⁻¹⁶. ಅಂದರೆ ಹತ್ತು ಪದಗಳಾದ ಮೇಲೆ ಡಬಲ್ ಬಗೆಯ ನಿಖರತೆಯ ಅಂಚಿಗೆ ಬಂದಿರುತ್ತೇವೆ, ಹನ್ನೊಂದನೆಯದನ್ನು ಕೂಡಿಸಿದ ಬಳಿಕ ಶ್ರೇಣಿಯಿಂದ ಪಡೆಯಲು ಇನ್ನೇನೂ ಉಳಿದಿರುವುದಿಲ್ಲ. ಕೋನವನ್ನು ಇನ್ನೂ ಅರ್ಧಕ್ಕಿಳಿಸಿ 45 ಡಿಗ್ರಿಯೊಳಗೆ ತಂದು, ಅದಕ್ಕಿಂತ ಹೆಚ್ಚಿದ್ದಾಗ ಪೂರಕ ಕೋನದ ಕೊಸೈನ್ ಶ್ರೇಣಿಯನ್ನು ಬಳಸುವುದಾದರೆ ಸೈನ್‌ಗೆ ಎಂಟು ಪದಗಳೇ ಸಾಕಾಗುತ್ತವೆ.

ಆರು ಪದಗಳ ಮಾತು ಬಂದಾಗ ನೆನಪಿಸಿಕೊಳ್ಳಲೇಬೇಕಾದ ಸಂಗತಿಯೊಂದಿದೆ. ಈ ಶ್ರೇಣಿಯನ್ನು ಯೂರೋಪಿನಲ್ಲಿ ನ್ಯೂಟನ್ ಕಂಡುಕೊಳ್ಳುವುದಕ್ಕೆ ಸುಮಾರು ಎರಡೂವರೆ ಶತಮಾನ ಮೊದಲೇ ಕೇರಳದ ಸಂಗಮಗ್ರಾಮದ ಮಾಧವ ತಿಳಿದಿದ್ದ. ಅದರ ಉಪಪತ್ತಿಯನ್ನು 16ನೆಯ ಶತಮಾನದಲ್ಲಿ ಜ್ಯೇಷ್ಠದೇವ ಮಲಯಾಳಂನಲ್ಲಿ ಬರೆದಿಟ್ಟ. ಮಾಧವನದೆಂದು ಪರಂಪರೆ ಹೇಳುವ ಒಂದು ಶ್ಲೋಕದಲ್ಲಿ ಐದು ಸಂಖ್ಯೆಗಳು ಅಕ್ಷರಗಳಿಂದ ಅಂಕಿಗಳನ್ನು ಸೂಚಿಸುವ ಕಟಪಯಾದಿ ಪದ್ಧತಿಯಲ್ಲಿ ಅಡಗಿವೆ. ಅವು ಮೂರನೆಯ ಘಾತದಿಂದ ಹನ್ನೊಂದನೆಯ ಘಾತದವರೆಗಿನ ಪದಗಳ ಸಹಗುಣಕಗಳು. ಮೊದಲ ಪದವನ್ನೂ ಸೇರಿಸಿದರೆ ಒಟ್ಟು ಆರು, ನಾವು ಈಗಷ್ಟೇ ಎಣಿಸಿದಷ್ಟೇ. ಲೆಕ್ಕ ಮಾಡುವ ಕ್ರಮವೂ ಗಮನಾರ್ಹ. ಅತಿ ಚಿಕ್ಕ ಸಹಗುಣಕದಿಂದ ಆರಂಭಿಸಿ, ಕೋನದ ವರ್ಗದಿಂದ ಗುಣಿಸಿ, ಮುಂದಿನ ಸಹಗುಣಕದಿಂದ ಕಳೆದು, ಮತ್ತೆ ಗುಣಿಸಿ ಕಳೆಯುತ್ತ ಹೊರಕ್ಕೆ ಬರಬೇಕು. ಇಂದಿನ ಪ್ರೋಗ್ರಾಮರ್‌ಗಳು ಬಹುಪದೋಕ್ತಿಯ ಬೆಲೆ ಕಟ್ಟಲು ಬಳಸುವುದು ಇದೇ ಒಳಗಿನಿಂದ ಹೊರಗೆ ಬರುವ ಕ್ರಮವನ್ನು. ಪದಗಳ ಸಂಖ್ಯೆ ನಿಗದಿಯಾಗಿದ್ದರೆ ನೀವೂ ಲೂಪಿನ ಬದಲು ಹೀಗೆ ಬರೆಯಬಹುದು:

ಸೈನ್ ಕ ≈ ಕ(1 − ಕ²/6 (1 − ಕ²/20 (1 − ಕ²/42 (1 − ಕ²/72 (1 − ಕ²/110)))))

ಕೋನ ಚಿಕ್ಕದು ಮಾಡುವ ಹಂತದಲ್ಲಿ ಪೈ ಬೆಲೆಯ ಬಗ್ಗೆ ಜಿಪುಣತನ ಬೇಡ. 3.14 ಎಂದು ಬರೆದರೆ ಒಂದೊಂದು ಸುತ್ತಿಗೂ 0.0032 ರೇಡಿಯನ್ ತಪ್ಪು ಸೇರುತ್ತದೆ. 100 ರೇಡಿಯನ್‌ನಲ್ಲಿ ಹದಿನೈದು ಪೂರ್ಣ ಸುತ್ತುಗಳಿರುವುದರಿಂದ ಅದು 0.048ರಷ್ಟಾಗುತ್ತದೆ. ಅಷ್ಟು ತಪ್ಪಿರುವ ಕೋನದ ಸೈನ್ ಅನ್ನು ಹದಿನಾರು ಸ್ಥಾನಗಳವರೆಗೆ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ. 3.141592653589793 ಎಂದು ಪೂರ್ತಿ ಬರೆಯಿರಿ. ಕೋನ ಡಿಗ್ರಿಯಲ್ಲಿ ಬರುತ್ತಿದ್ದರೆ ಇದಕ್ಕಿಂತ ಒಳ್ಳೆಯ ದಾರಿಯಿದೆ: ರೇಡಿಯನ್‌ಗೆ ಬದಲಿಸುವ ಮೊದಲೇ 360ರಿಂದ ಭಾಗಿಸಿ ಶೇಷ ತೆಗೆದುಕೊಳ್ಳಿ. 360 ಎಂಬುದು ಯಂತ್ರದಲ್ಲಿ ಕರಾರುವಾಕ್ಕಾಗಿ ಇರಬಲ್ಲ ಸಂಖ್ಯೆ, ಪೈ ಅಂಥದ್ದಲ್ಲ. ಆದ್ದರಿಂದ ಈ ಶೇಷದಲ್ಲಿ ದೋಷವೇ ಸೇರುವುದಿಲ್ಲ. ಹೊಸದಾಗಿ ಬರೆಯುವವರು ಈ ಸಣ್ಣ ಬದಲಾವಣೆಯನ್ನು ಬಹಳ ಅಪರೂಪವಾಗಿ ಮಾಡುತ್ತಾರೆ, ಲಾಭ ಮಾತ್ರ ದೊಡ್ಡದು.

ಹಾಗಾದರೆ ಲೈಬ್ರರಿಯೂ ಹೀಗೆಯೇ ಮಾಡುತ್ತದೆಯೇ ಎಂದು ನಿಮಗೆ ಅನ್ನಿಸಬಹುದು. ಕೋನವನ್ನು ಚಿಕ್ಕದು ಮಾಡುವವರೆಗೆ ಹೌದು, ಅದೂ ಬಹಳ ಎಚ್ಚರಿಕೆಯಿಂದ. ಆಮೇಲೆ ಬಳಸುವುದು ಈ ಶ್ರೇಣಿಯನ್ನಲ್ಲ. ಶ್ರೇಣಿಯು ಸೊನ್ನೆಯ ಬಳಿ ಬೇಕಾದ್ದಕ್ಕಿಂತ ಹೆಚ್ಚು ನಿಖರ, ಅಂಚಿನಲ್ಲಿ ಕಡಿಮೆ ನಿಖರ. ದೋಷವನ್ನು ಇಡೀ ವ್ಯಾಪ್ತಿಗೆ ಸಮನಾಗಿ ಹಂಚುವಂತೆ ಸಹಗುಣಕಗಳನ್ನು ತುಸು ತಿದ್ದಿದರೆ ಕಡಿಮೆ ಪದಗಳಲ್ಲೇ ಕೆಲಸ ಮುಗಿಯುತ್ತದೆ. ಸನ್ ಮೈಕ್ರೋಸಿಸ್ಟಮ್ಸ್ 1993ರಲ್ಲಿ ಹೊರತಂದ, ಇಂದಿಗೂ ಅನೇಕ ಕಡೆ ಬಳಕೆಯಲ್ಲಿರುವ ಗಣಿತ ಲೈಬ್ರರಿಯಲ್ಲಿ −1/6ರ ಜಾಗದಲ್ಲಿ −0.166666666666666324 ಎಂಬ ಸಂಖ್ಯೆಯಿದೆ. ಅದು ಬರೆದವರ ಕೈತಪ್ಪಲ್ಲ, ಬೇಕೆಂದೇ ಮಾಡಿದ ತಿದ್ದುಪಡಿ. ಅದರಿಂದಾಗಿ 45 ಡಿಗ್ರಿಯೊಳಗೆ ಹದಿಮೂರನೆಯ ಘಾತಕ್ಕೇ ನಿಲ್ಲಲು ಸಾಧ್ಯವಾಗಿದೆ. ಕಲಿಯುವ ಹಂತದಲ್ಲಿ ನಿಮಗೆ ಇದರ ಅಗತ್ಯವಿಲ್ಲ.

ಕೊಸೈನ್‌ಗೂ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ. ಆರಂಭದ ಪದ 1, ಛೇದಗಳು 1 × 2, 3 × 4, 5 × 6. ಟ್ಯಾನ್‌ಗೆ ಮಾತ್ರ ಶ್ರೇಣಿಯ ಮೊರೆ ಹೋಗಬೇಡಿ. ಅದರ ಸಹಗುಣಕಗಳಿಗೆ ಇಷ್ಟು ಸರಳವಾದ ನಿಯಮವಿಲ್ಲ, 90 ಡಿಗ್ರಿಯ ಸಮೀಪದಲ್ಲಿ ಅದು ಬಹಳ ನಿಧಾನ. ಸೈನ್ ಅನ್ನು ಕೊಸೈನ್‌ನಿಂದ ಭಾಗಿಸುವುದೇ ಸರಿ.

ತಿದ್ದಿದ ಪ್ರೋಗ್ರಾಂ ಅನ್ನು ಪರೀಕ್ಷಿಸುವಾಗ 30 ಡಿಗ್ರಿಯೊಂದಕ್ಕೇ ನಿಲ್ಲಬೇಡಿ. 0, 90, 180, −30, 390, 36030 ಡಿಗ್ರಿಗಳನ್ನು ಕೊಟ್ಟು ನೋಡಿ. ಕೊನೆಯ ಎರಡೂ 30 ಡಿಗ್ರಿಯ ಉತ್ತರವನ್ನೇ ಕೊಡಬೇಕು. ಸೈನ್ ವರ್ಗ ಮತ್ತು ಕೊಸೈನ್ ವರ್ಗಗಳ ಮೊತ್ತ 1 ಬಂದರೆ ಎಲ್ಲ ಸರಿ ಎಂದು ಹಲವರು ನಂಬುತ್ತಾರೆ. ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಲು ಮರೆತಿದ್ದರೂ ಆ ಮೊತ್ತ 1 ಆಗಿಯೇ ಬರುತ್ತದೆ, ಏಕೆಂದರೆ ಎರಡೂ ಫಂಕ್ಷನ್‌ಗಳು ಒಂದೇ ತಪ್ಪು ಕೋನವನ್ನು ಬಳಸಿರುತ್ತವೆ. ಇನ್ನು, ಲೈಬ್ರರಿಗೆ 3.141592653589793ನ್ನು ಕೊಟ್ಟಾಗ ಸೊನ್ನೆಯ ಬದಲು 1.2246 × 10⁻¹⁶ ಬಂದರೆ ಗಾಬರಿಯಾಗಬೇಡಿ. ಯಂತ್ರದಲ್ಲಿರುವ ಪೈ ನಿಜವಾದ ಪೈಗಿಂತ ಅಷ್ಟೇ ಕಡಿಮೆಯಿದೆ, ಆ ಕೋನದ ಸೈನ್ ಕೂಡ ಅಷ್ಟೇ.